ಹಳದಿ ಗೆರಿ

ಕೊಟೇಶನ್ ಹಾಳಿ ಮ್ಯಾಲ ಏಳು ಸಾಲು.
ಮಂಜಿನ ದೀಪ ಎರಡು, ಹಿಂದಿನ ಕ್ಯಾಮೆರಾ,
ಕ್ಯಾಬಿನ್ನಿಗೆ ಪಂಖಾ, ಸೀಟಿನ ಸ್ಪ್ರಿಂಗು, ಸ್ಪೀಕರು,
ಬ್ರೇಕಿನ ಗಾಳಿ ಒಣಗಸೂ ಡಬ್ಬಿ.
ಕಡೀ ಸಾಲು ಲೇಬರ್.
ಆ ಆಕಡೇದ ಮುಂದ ಉಳಿದ ಆರೂ
ಸಾಲಿ ಹುಡುಗರಂಗ ಕೈಕಟ್ಟಿ ನಿಂತಿದ್ದವು.

ಗಬ್ಬೂರ ಬೈಪಾಸಿನ ಶೋರೂಮಿನ್ಯಾಗ
ಎ.ಸಿ. ಗಾಳಿಗೆ ಬೆವರು ಆರಿತು, ಸಿಟ್ಟು ಆರಲಿಲ್ಲ.
'ನೀವೇ ಹಾಕ್ಕೊಂಡ್ರೆ ಸಾಮಾನಿನ ವಾರಂಟಿ ಇರೋದಿಲ್ಲ ಸರ್'
ಅಂದಳು ಟೇಬಲ್ಲಿನ ಹಿಂದಿನ ಹುಡುಗಿ.
ಇಪ್ಪತ್ತು ವರ್ಷದಾಗ ನನಗ ಸರ್ ಅಂದವರು
ರೋಡಿನ ಮ್ಯಾಲಂತೂ ಒಬ್ಬರೂ ಇಲ್ಲ.
ಚಹಾ ಕುಡದು, ಹಾಳಿ ಮಡಚಿ, ಎದ್ದು ಬಂದೆ.

ಐತವಾರ. ಅಂಚಟಗೇರಿ ದಾರಿಯ ಬೇವಿನ ಬುಡಕ
ಲಾರಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು,
ಕೊಪ್ಪಿಕರ ರೋಡಿಂದ ತಂದ ಸಾಮಾನು
ಗೋಣಿತಟ್ಟಿನ ಮ್ಯಾಲ ಹರವಿದೆ,
ಬೀಗರಿಗೆ ಸೀರಿ ಹರವಿ ತೋರಿಸಿಧಂಗ.
ಕ್ಲೀನರ್ ಫಕ್ಕೀರೇಶ ಮೊಬೈಲಿನ ಟಾರ್ಚ್ ಹಿಡದ.
ಹಿಡದಾಂವ ಆಕಳಿಸಿದ,
ಬೆಳಕೂ ಆಕಳಿಸಿತು.

ಡ್ಯಾಶ್‌ಬೋರ್ಡ್ ಬಿಚ್ಚಿದ ಮ್ಯಾಲ ತಿಳೀತು,
ಹದಿನಾಲ್ಕು ವರ್ಷ ಯಾರ ಮನಿ ಪಡಸಾಲ್ಯಾಗ ಕುಂತಿದ್ದೆ ಅನ್ನೂದು.
ಒಳಗ ಬ್ಯಾಡಗಿ ಮೆಣಸಿನಕಾಯಿ ಬೀಜ, ಎಷ್ಟು ಸುಗ್ಗಿಯವೋ,
ಟೋಲಿನ ಚೀಟಿ, ಇಲಿ ಕಡದ ಕೆಂಪು ವಾಯರು,
ಅದಕ್ಕ ಸುತ್ತಿದ ಸೈಕಲ್ ಟ್ಯೂಬಿನ ತುಂಡು.
ಕಂಪನಿಯವರು ಸುತ್ತಿದ್ದಲ್ಲ. ನಾನೂ ಅಲ್ಲ.
ಲಕ್ಷ್ಮೇಶ್ವರದ ದಾವಲಸಾಬನ ಗಂಟು ಅದು:
ಎರಡು ಸುತ್ತು, ಒಂದು ಹಿಂತಿರುವು.
ಆತ ತೀರಿ ಆರು ವರ್ಷಾತು.
ಗಂಟು ಬಿಚ್ಚಲಿಲ್ಲ.
ಅದನ್ನ ಬಳಸಿ ನನ್ನ ವಾಯರು ಎಳದೆ.

ಸಂಜಿಗೆ ಎಲ್ಲಾ ಕೂಡಿಸಿದೆ. ಎರಡು ಬೋಲ್ಟು ಉಳದವು.
ಎಲ್ಲಿಯವು ಅನ್ನೂದು ಇವತ್ತಿಗೂ ಗೊತ್ತಿಲ್ಲ.
ಕೀಲಿ ತಿರುವಿದೆ. ದೀಪ ಹತ್ತಿದವು,
ಕ್ಯಾಮೆರಾದಾಗ ಫಕ್ಕೀರೇಶನ ಹೊಟ್ಟಿ ಕಂಡಿತು.
ಎಡಕ್ಕ ಇಂಡಿಕೇಟರ್ ಹಾಕಿದರ ಮಾತ್ರ
ಪಂಖಾ ನಿಂತು ನಿಂತು ತಿರಗತೈತಿ.
ಈಗೂ ಹಂಗ ಐತಿ.
ಗದಗಿಗೆ ಹೋಗೂಮುಂದ ಅಣ್ಣಿಗೇರಿ ಹತ್ರ
ಮಾರಿಗೆ ಗಾಳಿ ಬಿಟ್ಟುಬಿಟ್ಟು ಬಡದರ
ತಿರುವು ಬಂತು ಅಂತ ಅರ್ಥ.

ಉಳಿಸಿದ್ದು ಒಂಬತ್ತು ಸಾವಿರ.
ಹೋದದ್ದು ಒಂದು ಬಾಡಿಗಿ, ಒಂದು ಉಗುರು.
ಲೆಕ್ಕ ಕೇಳಿ ಕಸ್ತೂರೆವ್ವ ಅಂದಳು,
'ನಿನ್ನ ಕೂಲಿ ನೀನ ಉಂಡಿ ಬಿಡು.'

ಬ್ರೇಕಿನ ಡಬ್ಬಿ ಹಂಗ ಉಳದಿತ್ತು.
ಎರಡು ದಿನ ತೊಡಿ ಮ್ಯಾಲ ಇಟ್ಟುಕೊಂಡು ನೋಡಿದೆ.
ಪಂಖಾ ನಿಂತರ ನಾನು ಬೆವರತೇನಿ.
ಇದು ಕೈಕೊಟ್ಟರ
ಇಳಿಜಾರಿನ್ಯಾಗ ದಾಟೂ ಹುಡುಗರಿಗೆ
ಒಂಬತ್ತು ಸಾವಿರದ ಲೆಕ್ಕ ಹೆಂಗ ಹೇಳೂದು?

ಮತ್ತ ಶೋರೂಮು. ಈ ಸಲ ಚಹಾ ಒಲ್ಲೆ ಅಂದೆ.
ಸರ್ವಿಸ್ ಅಂಗಳದ ಮುಂದ ಹಳದಿ ಗೆರಿ,
ಗಿರಾಕಿ ದಾಟಬಾರದು.
ಚಪ್ಪಲಿ ತುದಿ ಗೆರಿಗೆ ತಾಗಿಸಿ ನಿಂತೆ.
ಅವರ ಬಿಳಿ ಬೆಳಕಿನ್ಯಾಗ ನನ್ನ ಲಾರಿ
ದವಾಖಾನಿ ಮಂಚದ ಮ್ಯಾಲಿನ ಮಾವನಂಗ
ಮಾರಿ ಆಕಡೆ ತಿರುವಿತ್ತು.

ನೀಲಿ ಅಂಗಿ ಹುಡುಗ ಕೆಳಗ ಸರದ.
ಕೈಗವಸು, ಹೊಸಾ ಪಾನಾ, ಬಿಗಿ ಅಳಿಯೂ ಮೀಟರು.
ಸುಪರ್‌ವೈಸರ್ ಅತ್ಲಾಗ ತಿರಗಿದ ಕೂಡಲೆ
ಕೈಗವಸು ಕಳದ,
ವಾಯರಿನ ತುದಿ ಹಲ್ಲಿಲೇ ಸುಲದ,
ಎರಡು ಸುತ್ತು.
ಒಂದು ಹಿಂತಿರುವು.

'ಯಾ ಊರು ತಮ್ಮಾ?' ಗೆರಿ ಈಚೆಯಿಂದ ಕೇಳಿದೆ.
ಕಂಪ್ರೆಸರ್ ಸಪ್ಪಳಕ್ಕ ಕೇಳಿಸಲಿಲ್ಲೋ,
ಮಾತಾಡಬಾರದು ಅಂತ ಐತೋ.

ಲೇಬರ್ ಸಾವಿರದ ಎಂಟುನೂರಾ ಐವತ್ತು.
ಚೌಕಾಸಿ ಮಾಡಲಿಲ್ಲ. ಎಣಿಸಿ ಕೊಟ್ಟೆ.
'ಇದರಾಗ ಆ ಹುಡುಗಗ ಎಷ್ಟು?'
'ಅದು ಬಿಲ್ಲಿನಲ್ಲಿ ಬರೋದಿಲ್ಲ ಸರ್.'
ಜಾಬ್ ಕಾರ್ಡಿನ ಬುಡಕ, ದುಂಡನ ಅಕ್ಷರದಾಗ:
ಎಡ ಇಂಡಿಕೇಟರ್, ಪಂಖಾ. ವಾಯರಿಂಗ್ ತಪ್ಪೈತಿ.
ಸರಿ ಮಾಡೂದ? ಹೌದು, ಇಲ್ಲ.

'ಇಲ್ಲ'ದ ಮ್ಯಾಲ ಗುರುತು ಹಾಕಿ
ಕೀಲಿ ಇಸಗೊಂಡೆ.